ಏರ್ ರೈಫಲ್ ನಳಿಗೆಗೆ ಸೀಸ ಹಿಡಿದಿದೆಯೇ? ತಿಕ್ಕುವ ಮೊದಲು ನೋಡಬೇಕಾದದ್ದು

ನಿನ್ನೆ ಮೊನ್ನೆಯವರೆಗೆ ಒಂದೇ ತೂತಿನಲ್ಲಿ ಬೀಳುತ್ತಿದ್ದ ಪೆಲೆಟ್‌ಗಳು (ಏರ್ ಗನ್ನಿನ ಸಣ್ಣ ಸೀಸದ ಗುಂಡುಗಳು) ಚದುರತೊಡಗಿದರೆ ಎಲ್ಲರಿಗೂ ಮೊದಲು ಬರುವ ಸಂಶಯ ಸೀಸದ್ದೇ, ಅದು ನಳಿಗೆಯ ಒಳಗೋಡೆಗೆ ಅಂಟಿಕೊಂಡಿದೆ ಎಂದು. ಕೂಡಲೇ ರಾಡ್ ಬರುತ್ತದೆ, ಬ್ರಷ್ ಬರುತ್ತದೆ, ಅರ್ಧ ಗಂಟೆ ತಿಕ್ಕಾಟ ನಡೆಯುತ್ತದೆ. ಹತ್ತು ಮೀಟರ್ ದೂರದ ಸ್ಪರ್ಧೆಗೆ ಬಳಸುವ ಏರ್ ರೈಫಲ್ ಮಟ್ಟಿಗೆ ಈ ಸಂಶಯ ಬಹಳ ಸಲ ತಪ್ಪು. ಅದರ ಪೆಲೆಟ್ ಸೆಕೆಂಡಿಗೆ 170–175 ಮೀಟರ್ ವೇಗದಲ್ಲಿ ಹೋಗುತ್ತದೆ. ಅಷ್ಟು ನಿಧಾನದ ವೇಗದಲ್ಲಿ ಒಳ್ಳೆಯ ನಳಿಗೆಗೆ ಸೀಸ ಹಿಡಿಯುವುದು ಕಡಿಮೆ. ಇಂಥ ನಳಿಗೆಗಳು ಸೀಸದಿಂದ ಕೆಡುವುದಕ್ಕಿಂತ ಅವಸರದ ರಾಡಿನಿಂದ ಕೆಡುವುದೇ ಹೆಚ್ಚು. ಆದ್ದರಿಂದ ಮೊದಲು ಹಿಡಿದಿರುವುದು ಸೀಸವೇ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ನಳಿಗೆಯ ಯಾವ ಭಾಗದಲ್ಲಿ ಹಿಡಿದಿದೆ ಎಂದು ನೋಡಿ. ಕಾರಣ ಏನೆಂಬುದನ್ನು ಆ ಜಾಗವೇ ಹೇಳುತ್ತದೆ.

ಇಲ್ಲಿ ಬರೆದದ್ದು 4.5 ಮಿ.ಮೀ. ಬೋರಿನ (ನಳಿಗೆಯ ಒಳ ತೂತಿನ) ಏರ್ ರೈಫಲ್, ಏರ್ ಪಿಸ್ತೂಲುಗಳಿಗೆ ಸಂಬಂಧಿಸಿದ್ದು: ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಹುಡುಗರು ಅಭ್ಯಾಸಕ್ಕೆ ಬಳಸುವ, ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹಾರಿಸುವ ಪಿಸಿಪಿ ರೈಫಲ್‌ಗಳು, ಮತ್ತು ಮನೆಗಳಲ್ಲಿ ‘ಛರ್ರಾ ಬಂದೂಕು’ ಎಂದು ಕರೆಸಿಕೊಳ್ಳುವ ಸ್ಪ್ರಿಂಗ್ ಗನ್‌ಗಳು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರು 4.5 ಮಿ.ಮೀ. ಮತ್ತು ಶಕ್ತಿ 20 ಜೌಲ್ ಮೀರದಿದ್ದರೆ ಲೈಸೆನ್ಸ್ ಬೇಕಿಲ್ಲ. ಈ ಮಿತಿ ಮುಂದೆ ವೇಗದ ಲೆಕ್ಕದಲ್ಲಿ ಮತ್ತೆ ಬರುತ್ತದೆ. ಮದ್ದಿನ ಬಂದೂಕಿನ ಮಾತು ಬೇರೆ, ಅದಕ್ಕೆ ಕೊನೆಯ ಕಡೆ ಸ್ವಲ್ಪ ಜಾಗ ಕೊಟ್ಟಿದೆ.

ಇದು ಸೀಸವೇ?

ಅಳತೆಗೋಲು ಇಲ್ಲದೆ ‘ಗ್ರೂಪ್ ಕೆಟ್ಟಿದೆ’ (ಒಂದೇ ಗುರಿಗೆ ಹಾರಿಸಿದ ಗುಂಡುಗಳ ಗುಂಪು ಚದುರಿದೆ) ಅನ್ನುವುದಕ್ಕೆ ಅರ್ಥವಿಲ್ಲ. ಹತ್ತು ಮೀಟರ್ ರೈಫಲ್ ಗುರಿಹಲಗೆಯಲ್ಲಿ 10ರ ಚುಕ್ಕೆ ಬರೀ 0.5 ಮಿ.ಮೀ. ಪೆಲೆಟ್ ಅದರ ಅಂಚನ್ನು ಮುಟ್ಟಿದರೂ 10 ಸಿಗುತ್ತದೆ. ಲೆಕ್ಕ ಹಾಕಿದರೆ, ಹೊರ ಅಂಚಿನಿಂದ ಹೊರ ಅಂಚಿಗೆ 9.5 ಮಿ.ಮೀ. ಒಳಗೆ, ಸರಿಯಾಗಿ ನಡುವಿಗೆ ಬಿದ್ದ ಗ್ರೂಪಿನ ಎಲ್ಲ ಪೆಲೆಟ್‌ಗಳೂ 10. ಒಳ್ಳೆಯ ಮ್ಯಾಚ್ ರೈಫಲನ್ನು ಕ್ಲಾಂಪಿನಲ್ಲಿ ಕಟ್ಟಿ ಹೊಂದುವ ಪೆಲೆಟ್ ಹಾರಿಸಿದರೆ ಹತ್ತು ಗುಂಡಿನ ತೂತು 5–6 ಮಿ.ಮೀ. ಆಸುಪಾಸಿನಲ್ಲಿ ನಿಲ್ಲಬೇಕು. ಅದೇ ರೈಫಲ್, ಅದೇ ಡಬ್ಬಿ, ಅದೇ ಕ್ಲಾಂಪು ಇದ್ದೂ ತೂತು 9–10 ಮಿ.ಮೀ.ಗೆ ಹಿಗ್ಗಿದರೆ ಏನೋ ಕೆಟ್ಟಿದೆ ಎಂದು ಹೇಳಬಹುದು. ಕೈಯಲ್ಲಿ ಹಿಡಿದು ಹಾರಿಸಿದ ಗ್ರೂಪ್ ನೋಡಿ ನಳಿಗೆಯ ಮೇಲೆ ತೀರ್ಪು ಕೊಡಬೇಡಿ. ಕ್ಲಾಂಪು ಇಲ್ಲದಿದ್ದರೆ ಮರಳಿನ ಚೀಲದ ಮೇಲೆ ಇಡಿ, ಎರಡು ಮೂರು ಗ್ರೂಪ್ ತೆಗೆದು ನೋಡಿ.

ಸೀಸದ ದೋಷಕ್ಕೆ ಒಂದು ನಡೆ ಇದೆ, ಅದು ಮೆಲ್ಲಗೆ ಬರುತ್ತದೆ. ನೂರಾರು ಗುಂಡುಗಳ ಮೇಲೆ ಗ್ರೂಪ್ ಹಿಗ್ಗುತ್ತ ಹೋಗುತ್ತದೆ, ನಡುನಡುವೆ ದಿಕ್ಕು ದೆಸೆ ಇಲ್ಲದ ಒಂದೊಂದು ಗುಂಡು ದೂರ ಬೀಳುತ್ತದೆ. ಬೆಳಿಗ್ಗೆ ಸರಿ ಇದ್ದದ್ದು ಸಂಜೆಗೆ ಕೆಟ್ಟಿತು, ಇಲ್ಲವೇ ಇಡೀ ಗ್ರೂಪೇ ಒಂದು ಕಡೆ ಜರುಗಿತು ಎಂದರೆ ಅದು ಸೀಸವಲ್ಲ, ಎಲ್ಲೋ ಒಂದು ಸ್ಕ್ರೂ.

ಹಾಗಾಗಿ ಮೊದಲು ಸ್ಟಾಕಿನ ಬೋಲ್ಟ್, ಸೈಟಿನ ಅಥವಾ ಸ್ಕೋಪಿನ ಮೌಂಟ್ ಸ್ಕ್ರೂ ನೋಡಿ. ಸ್ಪ್ರಿಂಗ್ ಗನ್‌ನಲ್ಲಿ ಇವು ತಾವಾಗಿಯೇ ಸಡಿಲುತ್ತವೆ. ಬ್ರೇಕ್ ಬ್ಯಾರೆಲ್ (ನಳಿಗೆಯನ್ನೇ ಮಡಚಿ ತುಂಬುವ ಬಗೆ) ಆಗಿದ್ದರೆ ನಳಿಗೆಯ ಕೀಲನ್ನೂ ನೋಡಬೇಕು: ಗನ್ ಕಾಕ್ ಆಗದೆ (ಸ್ಪ್ರಿಂಗ್ ಎಳೆದು ಸಿದ್ಧವಾಗದೆ) ಇರುವಾಗ ನಳಿಗೆಯನ್ನು ಅಡ್ಡಡ್ಡ ಅಲುಗಿಸಿದರೆ ಆಟ ಇರಬಾರದು. ಪೆಲೆಟ್ ತುಂಬುವ ನಳಿಗೆಯ ಹಿಂದಿನ ತುದಿಯೇ ಬ್ರೀಚ್; ಅದರ ಸೀಲ್ ಪರೀಕ್ಷೆಗೆ, ಬ್ರೀಚ್ ಕೂಡುವ ಜಾಗದ ಮೇಲೆ ತೆಳ್ಳನೆಯ ಟಿಶ್ಯೂ ಕಾಗದದ ಚೂರಿಟ್ಟು ಒಂದು ಗುಂಡು ಹಾರಿಸಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ. ಪಿಸಿಪಿಯಲ್ಲಿ ಸಿಲಿಂಡರಿನ ಒತ್ತಡ, ರೆಗ್ಯುಲೇಟರ್ ಎರಡನ್ನೂ ಕ್ರೋನೊಗ್ರಾಫ್ (ಪೆಲೆಟ್ಟಿನ ವೇಗ ಅಳೆಯುವ ಯಂತ್ರ) ಇಟ್ಟು ನೋಡಬೇಕು. ಇಪ್ಪತ್ತು ಗುಂಡುಗಳ ವೇಗ ಬರೆದುಕೊಂಡಾಗ ಅದು ಏರಿಳಿಯುತ್ತಿದ್ದರೆ ದೋಷ ಗಾಳಿಯ ಕಡೆಯದು, ನಳಿಗೆಯದಲ್ಲ.

ನಳಿಗೆಯ ಬಾಯಿ, ಅಂದರೆ ಕ್ರೌನ್. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಒಳಗಿನಿಂದ ಹೊರಗೆ, ಸುತ್ತಲೂ ಎಳೆಯಿರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಬೀಳುತ್ತದೋ ಅಲ್ಲೊಂದು ಮೊನೆ ಎದ್ದಿದೆ. ಅದನ್ನು ಸರಿ ಮಾಡಲು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವ ಲೇತ್ ಶೆಡ್ಡಿನವರೂ ಒಪ್ಪಿಯಾರು, ಆದರೆ ನಳಿಗೆಯನ್ನು ಹೊರಮೈಗಲ್ಲ, ಬೋರಿಗೆ ಸೆಂಟರ್ ಮಾಡಿ ಹಿಡಿಯಬೇಕು ಎಂದು ಹೇಳಿಯೇ ಕೊಡಿ. ಹೊರಮೈ ಮತ್ತು ಬೋರು ಒಂದೇ ಅಕ್ಷದಲ್ಲಿ ಇರುತ್ತವೆ ಎಂಬ ಖಾತ್ರಿ ಇಲ್ಲ.

ಇಷ್ಟರ ಮೇಲೂ ಗ್ರೂಪ್ ಸರಿಯಾಗದಿದ್ದರೆ ಪೆಲೆಟ್ ಡಬ್ಬಿ ಬದಲಿಸಿ ನೋಡಿ. ಅದೇ ಹೆಸರಿನ, ಬೇರೆ ಬ್ಯಾಚಿನ ಡಬ್ಬಿ ಬೇರೆ ಥರ ಹಾರುವುದು ಸಾಮಾನ್ಯ.

ಕೊನೆಯ ಪರೀಕ್ಷೆಯೇ ನಿಜವಾದದ್ದು. ನಳಿಗೆಯನ್ನು ಕೆಳಗೆ ಹೇಳಿದಂತೆ ಪ್ಯಾಚ್ (ಬಟ್ಟೆಯ ಚೂರು) ಎಳೆದು ಒರೆಸಿ, 20–30 ಪೆಲೆಟ್ ಹಾರಿಸಿ ಅದು ಮತ್ತೆ ಹದಕ್ಕೆ ಬರಲು ಬಿಡಿ, ನಂತರ ಗ್ರೂಪ್ ತೆಗೆಯಿರಿ. ಗ್ರೂಪ್ ಮೊದಲಿನ ಅಳತೆಗೆ ಮರಳಿತೇ? ಅಭ್ಯಾಸ ಮುಂದುವರಿಸಿದಾಗ ಹೆಚ್ಚುಕಡಿಮೆ ಅಷ್ಟೇ ಗುಂಡುಗಳ ನಂತರ ಮತ್ತೆ ಹಿಗ್ಗಿತೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಸೀಸ. ಒರೆಸಿದ ಕೂಡಲೇ ತೆಗೆದ ಗ್ರೂಪ್ ಯಾವಾಗಲೂ ಕೆಟ್ಟದ್ದೇ ಬರುತ್ತದೆ, ಅದನ್ನು ನೋಡಿ ಗಾಬರಿಬಿದ್ದು ಮತ್ತೆ ತಿಕ್ಕಲು ಕೂತವರಿಗೆ ಕೊನೆಯೇ ಇಲ್ಲ.

ಪ್ಯಾಚಿನ ಬಣ್ಣ ನೋಡಿ ಮೋಸಹೋಗಬಾರದು. ಮೊದಲ ಪ್ಯಾಚ್ ಕಪ್ಪು-ಬೂದು ಬಣ್ಣಕ್ಕೆ ತಿರುಗುವುದು ಎಲ್ಲ ನಳಿಗೆಯಲ್ಲೂ ಇದ್ದದ್ದೇ, ಅದು ಸೀಸದ ಧೂಳು, ಪೆಲೆಟ್ ಮೇಲಿನ ಗ್ರ್ಯಾಫೈಟ್ ಮತ್ತು ಎಣ್ಣೆಯ ಜಿಡ್ಡು. ಬಟ್ಟೆಯ ಮೇಲೆ ಹೊಳೆಯುವ ಹಕ್ಕಳೆ, ಸೂಜಿಯಂಥ ಚೂರು ಕಂಡರೆ ಅದು ಗೋಡೆಗೆ ಹಿಡಿದಿದ್ದ ಸೀಸ.

ಎಲ್ಲಿ ಹಿಡಿದಿದೆ?

ಪಿಸಿಪಿಯಾದರೆ ಸಿಲಿಂಡರ್ ಬಿಚ್ಚಿಡಿ. ಸ್ಪ್ರಿಂಗ್ ಗನ್ ಆದರೆ ಕಾಕ್ ಮಾಡದೆ ನಳಿಗೆಯನ್ನಷ್ಟೇ ತೆರೆಯಲು ಬರುತ್ತದೆಯೇ ನೋಡಿ. ಬಾರದಿದ್ದರೆ ಲಿವರನ್ನೋ ನಳಿಗೆಯನ್ನೋ ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಬೇಕು. ಕಾಕ್ ಆದ ಸ್ಪ್ರಿಂಗ್ ಗನ್‌ನ ತೆರೆದ ಬ್ರೀಚಿನಲ್ಲಿ ಬೆರಳಿಟ್ಟಾಗ ಟ್ರಿಗರ್ ಜಾರಿದರೆ ಬೆರಳು ಹೋಗುತ್ತದೆ. ಒಂದು ಹೊಸ ಪೆಲೆಟ್ಟನ್ನು ಬ್ರೀಚಿನಿಂದ ಒಳಗೆ ಕೂರಿಸಿ, ಪ್ಲಾಸ್ಟಿಕ್ ಹೊದಿಕೆಯ ಅಥವಾ ಹಿತ್ತಾಳೆಯ ಸಪೂರ ರಾಡಿನಿಂದ ಮೆಲ್ಲಗೆ ಬಾಯಿಯ ಕಡೆ ತಳ್ಳುತ್ತ ಹೋಗಿ. ಕೈಗೆ ಸಿಗುವ ಬಿಗಿಯೇ ಇಲ್ಲಿ ಓದಬೇಕಾದ ಅಕ್ಷರ.

ಆರೋಗ್ಯವಂತ ನಳಿಗೆಯಲ್ಲಿ ಮೊದಲು ಒಳಗೋಡೆಯ ಸುರುಳಿ ಗೀರುಗಳಾದ ರೈಫ್ಲಿಂಗ್‌ಗೆ ಹತ್ತುವಾಗ ಒಂದು ಬಿಗಿ, ಆಮೇಲೆ ಉದ್ದಕ್ಕೂ ಒಂದೇ ಸಮನೆಯ ಜಾರು. ಚೋಕ್ ಇರುವ ನಳಿಗೆಯಾದರೆ ಬಾಯಿಗಿಂತ ಕೆಲವು ಸೆಂ.ಮೀ. ಮುಂಚೆ ಮತ್ತೊಂದು ಬಿಗಿ. ಇದು ತಯಾರಕರೇ ಬೇಕೆಂದು ಕಿರಿದು ಮಾಡಿದ ಜಾಗ. ಅದನ್ನೇ ಸೀಸ ಎಂದು ತಿಳಿದು ತಿಕ್ಕಿ ಸವೆಸಿದವರಿದ್ದಾರೆ.

ಬಿಗಿ ಬ್ರೀಚಿನ ಮೊದಲ ಎರಡು ಮೂರು ಸೆಂ.ಮೀ.ನಲ್ಲಿ ಇದ್ದರೆ ಪೆಲೆಟ್ ಒಳಗೆ ಹೋಗುವಾಗಲೇ ಕೆತ್ತಿಸಿಕೊಳ್ಳುತ್ತಿದೆ. ಓರೆಯಾಗಿ ಕೂರಿಸಿದ್ದು, ಬೋರಿಗಿಂತ ದಪ್ಪ ತಲೆಯ ಪೆಲೆಟ್, ಬ್ರೀಚಿನ ಒಳ ಅಂಚಿನ ಚೂಪು, ಈ ಮೂರರಲ್ಲಿ ಒಂದು. ತಳ್ಳಿ ಹೊರತೆಗೆದ ಪೆಲೆಟ್ಟಿನ ಸ್ಕರ್ಟ್ (ಹಿಂದಿನ ಟೊಳ್ಳು ಭಾಗ) ಒಂದೇ ಬದಿಗೆ ಕೆತ್ತಿದಂತಿದ್ದರೆ ಅಂಚು ಚೂಪಾಗಿದೆ, ಸುತ್ತಲೂ ಸಮವಾಗಿ ಆಳದ ಗೀರಿದ್ದರೆ ಪೆಲೆಟ್ ದಪ್ಪ.

ನಡುವೆ, ಒಂದೇ ಜಾಗದಲ್ಲಿ ಗಕ್ಕನೆ ತಡೆದರೆ ಅಲ್ಲಿ ಯಂತ್ರದ ಗೀರು, ತುಕ್ಕಿನ ಕುಳಿ ಅಥವಾ ನಳಿಗೆಗೆ ಬಿದ್ದ ಪೆಟ್ಟು ಇದೆ. ಸೀಸ ಅಲ್ಲಿ ಹಿಡಿಯುವುದು ಪರಿಣಾಮ ಮಾತ್ರ. ಬೆಳಗಾವಿಯ ಮಳೆಗಾಲದಲ್ಲಿ ಎರಡು ತಿಂಗಳು ಕವರಿನೊಳಗೇ ಇದ್ದ ರೈಫಲ್‌ನಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಫೋಮಿನ ಕವರು ತೇವ ಹಿಡಿದಿಡುತ್ತದೆ, ನಳಿಗೆಯೊಳಗೆ ಸಣ್ಣ ತುಕ್ಕು ಏಳುತ್ತದೆ, ಆ ತುಕ್ಕಿನ ಹರಳು ಅರದಂತೆ ಸೀಸ ಕೆರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈಫಲ್ ಕವರಿನ ಹೊರಗೆ, ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಲಿ.

ಬಾಯಿಯ ಕಡೆಯ ಕೊನೆಯ ಭಾಗದಲ್ಲಿ ಹಿಡಿದಿದ್ದರೆ ಕಾರಣ ವೇಗ ಮತ್ತು ಒಣ ಪೆಲೆಟ್. ಪೆಲೆಟ್ ಅತಿ ಹೆಚ್ಚು ವೇಗದಲ್ಲಿರುವುದು ಅಲ್ಲಿ, ಮೈಮೇಲಿನ ಜಾರಿಕೆ ಮುಗಿದಿರುವುದೂ ಅಲ್ಲೇ, ಚೋಕ್ ಇದ್ದರೆ ಹಿಂಡಿಸಿಕೊಳ್ಳುವುದೂ ಅಲ್ಲೇ.

ವೇಗ

20 ಜೌಲ್ ಮಿತಿಯೊಳಗೆ 0.547 ಗ್ರಾಂ ಪೆಲೆಟ್ಟನ್ನು ಹೆಚ್ಚೆಂದರೆ ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹಾರಿಸಬಹುದು. ಅದೇ 20 ಜೌಲ್‌ಗೆ 0.67 ಗ್ರಾಂ ಪೆಲೆಟ್ ಹಾಕಿದರೆ ವೇಗ 244ಕ್ಕೆ ಇಳಿಯುತ್ತದೆ. ಶಕ್ತಿ ಅಷ್ಟೇ, ನಳಿಗೆಯ ಮೇಲಿನ ಉಜ್ಜಾಟ ಕಡಿಮೆ. ಬಾಯಿಯ ಕಡೆ ಸೀಸ ಹಿಡಿಯುವ ಗನ್‌ಗೆ ಮಾಡಬೇಕಾದ ಮೊದಲ ಉಪಚಾರ ಇದೇ, ತೂಕದ ಪೆಲೆಟ್‌ಗೆ ಹೋಗುವುದು. ದುರ್ಬೀನು ಹಚ್ಚಿದ, ಸ್ಪ್ರಿಂಗ್ ಬದಲು ಅನಿಲದ ಕೊಳವೆಯ ಜೋರು ಗ್ಯಾಸ್‌ರ‍್ಯಾಮ್ ಇರುವ ಗನ್‌ಗೆ 0.45 ಗ್ರಾಂನ ಹಗುರ ಪೆಲೆಟ್ ಹಾಕಿ ‘ಎಷ್ಟು ಜೋರು ಹೋಗುತ್ತದೆ ನೋಡು’ ಅನ್ನುವ ಹುರುಪೇ ಅರ್ಧ ತೊಂದರೆಯ ಮೂಲ. ಹಗುರ ಪೆಲೆಟ್‌ನಿಂದ ಪಿಸ್ಟನ್‌ಗೂ ಪೆಟ್ಟು. (ಜೋಳದ ಹೊಲ ಕಾಯಲು ಈ ಗನ್ ಒಯ್ಯುವವರಿಗೆ ಒಂದು ಮಾತು: ಗಿಳಿ, ನವಿಲಿನ ಮೇಲೆ ಹಾರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಲೈಸೆನ್ಸ್ ಬೇಡದ ಗನ್ ಎಂಬುದು ಅದಕ್ಕೆ ರಕ್ಷೆಯಲ್ಲ.)

ಪೆಲೆಟ್

ಮ್ಯಾಚ್ ಪೆಲೆಟ್ ಡಬ್ಬಿಯ ಮೇಲೆ 4.48, 4.49, 4.50 ಎಂದು ತಲೆಯ ಅಳತೆ ಇರುತ್ತದೆ. ಕ್ಯಾಲಿಪರ್‌ನಿಂದ ಅಳೆಯಲು ಹೋಗಬೇಡಿ, ಮೆತ್ತನೆಯ ಸೀಸ ದವಡೆಯಲ್ಲಿ ಹಿಂಡಿಹೋಗಿ ನೂರನೇ ಒಂದು ಮಿ.ಮೀ. ಮಟ್ಟದಲ್ಲಿ ಸುಳ್ಳು ಹೇಳುತ್ತದೆ. ನಳಿಗೆಯಲ್ಲಿ ತಳ್ಳಿ ಹೊರತೆಗೆದ ಪೆಲೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಕು. ತಲೆಯ ಸುತ್ತ ರೈಫ್ಲಿಂಗ್‌ನ ತೆಳು ಗುರುತು ಸಮವಾಗಿ, ಸ್ಕರ್ಟಿನಲ್ಲಿ ಸ್ಪಷ್ಟವಾಗಿ ಬಿದ್ದಿದ್ದರೆ ಅಳತೆ ಸರಿ. ತಲೆಗೆ ಗುರುತೇ ಇಲ್ಲದಿದ್ದರೆ ಪೆಲೆಟ್ ಸಣ್ಣದು: ಅದು ನಳಿಗೆಯಲ್ಲಿ ತಲೆದೂಗುತ್ತ ಹೋಗುತ್ತದೆ, ಗ್ರೂಪೂ ಕೆಡುತ್ತದೆ, ಒಂದೊಂದು ಕಡೆ ಸೀಸವೂ ಒರೆಸಿಕೊಳ್ಳುತ್ತದೆ.

ಸಾಮಾನ್ಯ ಪೆಲೆಟ್ ಹೆಚ್ಚುಕಡಿಮೆ ಶುದ್ಧ ಸೀಸ, ಲೋಹದ ಗಡಸುತನ ಹೇಳುವ ಬ್ರಿನೆಲ್ ಅಂಕ 5ರ ಆಸುಪಾಸು. ಆಂಟಿಮನಿ ಬೆರೆಸಿ ಗಟ್ಟಿ ಮಾಡಿದ ಪೆಲೆಟ್‌ಗಳೂ ಸಿಗುತ್ತವೆ. ಗಟ್ಟಿ ಇದ್ದರೆ ಸೀಸ ಕಡಿಮೆ ಹಿಡಿಯುತ್ತದೆ ಎಂದು ಎಣಿಸಬೇಡಿ. ಏರ್ ಗನ್‌ನ ಕಡಿಮೆ ಒತ್ತಡಕ್ಕೆ ಗಟ್ಟಿ ಸ್ಕರ್ಟ್ ಉಬ್ಬಿ ಗೋಡೆಗೆ ಕೂರುವುದಿಲ್ಲ, ಮೆತ್ತನೆಯದು ಕೂರುತ್ತದೆ. ವೇಗದ ಪಿಸಿಪಿಯಲ್ಲಿ ಗಟ್ಟಿ ಪೆಲೆಟ್ಟನ್ನು ಒಣದಾಗಿ ಹಾರಿಸಿದಾಗ ಬಾಯಿಯ ಕಡೆ ಸೀಸ ಹಿಡಿಯುವುದನ್ನು ನೋಡಿದವರು ಬಹಳ ಮಂದಿ.

ಡಬ್ಬಿಯಲ್ಲಿ ಬಿಳಿ ಪುಡಿ ಕಂಡರೆ ಆ ಪೆಲೆಟ್ ಬಳಸಬೇಡಿ. ತೇವ ಮತ್ತು ಕಟ್ಟಿಗೆಯಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ, ಹೊಸ ಪ್ಲೈವುಡ್ ಕಪಾಟಿನಲ್ಲಿಟ್ಟರೆ ಬೇಗ. ಆ ಪುಡಿ ಶ್ವಾಸಕ್ಕೆ ವಿಷ. ಅಗ್ಗದ ಡಬ್ಬಿಗಳಲ್ಲಿ ತಳಕ್ಕೆ ಕರಿ ಧೂಳು, ಎರಕದ ಚೂರು ಇರುವುದುಂಟು. ಅಂಥವನ್ನು ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅಲುಗಿಸಿ, ಎರಡು ಸಲ ಬರೀ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರವಿ ನೆರಳಲ್ಲಿ ಪೂರ್ತಿ ಒಣಗಿಸಬೇಕು. ಇದಕ್ಕೆ ಬಳಸಿದ ಬೋಗುಣಿ ಮತ್ತೆ ಅಡುಗೆಮನೆಗೆ ಹೋಗಕೂಡದು.

ತೊಳೆದ ಪೆಲೆಟ್ ಬೆತ್ತಲೆ, ಅದಕ್ಕೆ ಜಾರಿಕೆ ಬೇಕು. 500ರ ಡಬ್ಬಿಗೆ ಪೆಲೆಟ್ ಲ್ಯೂಬ್ ಎರಡು ಮೂರು ಹನಿ, ಅದೂ ಫೋಮಿನ ಬಿಲ್ಲೆಗೆ ಹಾಕಿ ಡಬ್ಬಿಯಲ್ಲಿಟ್ಟು ಉರುಳಿಸಿ. ಪೆಲೆಟ್ ಮುಟ್ಟಿದರೆ ಬೆರಳು ಒದ್ದೆಯಾಗಬಾರದು, ಒದ್ದೆಯಾದರೆ ಹೆಚ್ಚಾಯಿತು. ವಿಜಯಪುರದ ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಶೆಡ್ಡಿನಲ್ಲಿಟ್ಟ ಡಬ್ಬಿಯ ಮೇಣದ ಲೇಪನ ಕರಗಿ ತಳಕ್ಕಿಳಿಯುತ್ತದೆ: ಮೇಲಿನವು ಒಣ, ಕೆಳಗಿನವು ಜಿಡ್ಡು, ಗ್ರೂಪ್ ಡಬ್ಬಿ ಖಾಲಿಯಾಗುತ್ತ ಹೋದಂತೆ ಬದಲಾಗುತ್ತದೆ. ಡಬ್ಬಿ ಮನೆಯೊಳಗೆ, ನೆಲದ ಹತ್ತಿರ ಇರಲಿ. ಸ್ಪ್ರಿಂಗ್ ಗನ್‌ಗೆ ಮಾತ್ರ ಪೆಟ್ರೋಲಿಯಂ ಎಣ್ಣೆ ಸವರಿದ ಪೆಲೆಟ್ ಬೇಡವೇ ಬೇಡ. ಪಿಸ್ಟನ್ ಗಾಳಿಯನ್ನು ಹಿಂಡಿದಾಗ ಏಳುವ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ನಡೆಯುವುದೂ ಹೀಗೆಯೇ. ಢಂ ಎಂಬ ಸದ್ದು, ಹೊಗೆ, ಸುಟ್ಟ ವಾಸನೆ, ಕೊನೆಗೆ ಹರಿದ ಸೀಲ್. 10 ಮೀಟರ್ ಮ್ಯಾಚ್ ಪೆಲೆಟ್‌ಗೆ ಇದಾವುದೂ ಬೇಕಿಲ್ಲ, ಡಬ್ಬಿಯಿಂದ ಬಂದಂತೆ ಹಾರಿಸಿ.

ಬಿಡಿಸುವುದು

ಬೇಕಾದದ್ದು ಕಡಿಮೆ. ಕಬ್ಬಿನ ಬದುವಿನ ಹುಲ್ಲು ಕತ್ತರಿಸುವ ಬ್ರಷ್ ಕಟರ್‌ಗೆ ಹಾಕುವ ದುಂಡನೆಯ ನೈಲಾನ್ ದಾರ, 2 ಮಿ.ಮೀ. ದಪ್ಪದ್ದು, ಕೃಷಿ ಸಲಕರಣೆ ಅಂಗಡಿಯಲ್ಲಿ ಸಿಗುತ್ತದೆ. ನಳಿಗೆಯ ಒಂದೂವರೆ ಪಟ್ಟು ಉದ್ದ ಕತ್ತರಿಸಿ, ಒಂದು ತುದಿಯನ್ನು ಮೊಂಡಾಗಿ ಕರಗಿಸಿ ಗುಂಡು ಮಾಡಿ. ಆ ಗುಂಡು ಬೋರಿನೊಳಗೆ ಸಲೀಸಾಗಿ ಹೋಗುವಷ್ಟೇ ಇರಲಿ. ಇನ್ನೊಂದು ತುದಿಯನ್ನು ಓರೆಯಾಗಿ ಕತ್ತರಿಸಿ ಚೂಪು ಮಾಡಿ. ಪ್ಯಾಚ್‌ಗೆ ಹಳೆಯ, ಹತ್ತಾರು ಸಲ ಒಗೆದ ಹತ್ತಿಯ ಅರಿವೆ. ಬನಹಟ್ಟಿಯ ಹೊಸ ಬಟ್ಟೆಯಾದರೂ ಗಂಜಿ ಹೋಗುವವರೆಗೆ ಒಗೆಯದೆ ಬಳಸಬಾರದು. ಸುಮಾರು 2 ಸೆಂ.ಮೀ. ಚೌಕದ ತುಂಡು ಸಾಕು. ಚೂಪು ತುದಿಯನ್ನು ಪ್ಯಾಚಿನ ನಡುವೆ ಚುಚ್ಚಿ ದಾರವನ್ನು ಪೂರ್ತಿ ಎಳೆದರೆ ಗುಂಡು ತುದಿ ಪ್ಯಾಚನ್ನು ಹಿಡಿದು ನಿಲ್ಲಿಸುತ್ತದೆ.

ದಾರವನ್ನು ಬ್ರೀಚಿನಿಂದ ಹಾಕಿ ಬಾಯಿಯ ಕಡೆ ಎಳೆಯಬೇಕು, ಪೆಲೆಟ್ ಹೋಗುವ ದಿಕ್ಕಿನಲ್ಲೇ. ಬಾಯಿಯ ಹತ್ತಿರ ದಾರ ಕ್ರೌನಿಗೆ ಓರೆಯಾಗಿ ಉಜ್ಜದಂತೆ ನೇರ ಹಿಡಿಯಿರಿ. ಬ್ರೇಕ್ ಬ್ಯಾರೆಲ್ ಆದರೆ ನಳಿಗೆಯ ಬಾಯಿ ಕೆಳಕ್ಕಿರಲಿ, ದ್ರವ ಹಿಂದಕ್ಕೆ ಹರಿದು ಗಾಳಿಯ ರಂಧ್ರಕ್ಕೆ ಸೇರಬಾರದು. ಬ್ರೀಚ್ ತೆರೆಯಲು ಬಾರದ ಸ್ಥಿರ ನಳಿಗೆಯಲ್ಲಿ ಪೆಲೆಟ್ ತುಂಬುವ ಜಾಗದಿಂದಲೇ ಚೂಪು ತುದಿ ತೂರಿಸಿ, ಗುಂಡು ತುದಿ ಪ್ಯಾಚನ್ನು ಹಿಡಿದಿರುವಂತೆ ಬಾಯಿಯ ಕಡೆ ಎಳೆದುಕೊಳ್ಳಬಹುದು.

ಮೊದಲ ಪ್ಯಾಚಿಗೆ ಏರ್ ಗನ್‌ಗೆಂದೇ ಮಾಡಿದ ಬೋರ್ ಕ್ಲೀನರ್ ಮೂರು ನಾಲ್ಕು ಹನಿ. ಎಳೆದು ಹತ್ತು ನಿಮಿಷ ಬಿಡಿ. ಮತ್ತೊಂದು ಒದ್ದೆ ಪ್ಯಾಚ್. ಆಮೇಲೆ ಒಣ ಪ್ಯಾಚ್‌ಗಳು, ಬೂದು ಬಣ್ಣ ತಿಳಿಯಾಗುವವರೆಗೆ. ಬಿಳಿಯಾಗಲೇಬೇಕೆಂದು ಹಟ ಹಿಡಿಯಬೇಡಿ. ಹೆಚ್ಚಿನ ನಳಿಗೆಗಳಿಗೆ ಇಷ್ಟೇ ಸಾಕು.

ಹಕ್ಕಳೆ ಬರುತ್ತಲೇ ಇದ್ದು, ಪೆಲೆಟ್ ತಳ್ಳಿದಾಗ ಬಿಗಿ ಅಲ್ಲೇ ಉಳಿದಿದ್ದರೆ, ಉಕ್ಕಿನ ನಳಿಗೆಗೆ ಮಾತ್ರ, ಮೆತ್ತನೆಯ ಕಂಚಿನ ಬ್ರಷ್ ಐದಾರು ಸಲ. ಬ್ರಷ್ ಪೂರ್ತಿ ಹೊರಬಂದ ಮೇಲೆಯೇ ಹಿಂತಿರುಗಿಸಬೇಕು, ನಡುವೆ ದಿಕ್ಕು ಬದಲಿಸಿದರೆ ಬಿರುಗೂದಲು ಸಿಕ್ಕಿಕೊಳ್ಳುತ್ತದೆ. ಉಕ್ಕಿನ ತಂತಿಯ ಬ್ರಷ್ ಯಾವತ್ತೂ ಬೇಡ, ಹಿತ್ತಾಳೆಯ ಒಳನಳಿಗೆಗೆ ಕಂಚಿನ ಬ್ರಷ್ಷೂ ಬೇಡ. ಹೊಸ ನಳಿಗೆಯ ಯಂತ್ರದ ಗೀರಿಗೆ ಜೆಬಿ ಬೋರ್ ಪೇಸ್ಟ್‌ನಂಥ ಮೆದು ಸಾಣೆಯ ಮುಲಾಮನ್ನು ಬಿಗಿ ಪ್ಯಾಚಿಗೆ ಹಚ್ಚಿ 20–30 ಸಲ ಆಡಿಸುವುದುಂಟು. ಅದು ಒಮ್ಮೆ ಮಾಡುವ ಕೆಲಸ, ತಿಂಗಳ ಪದ್ಧತಿಯಲ್ಲ. ಮುಲಾಮಿನ ಕಣ ಒಂದೂ ಉಳಿಯದಂತೆ ಒರೆಸಬೇಕು.

ಫೆಲ್ಟ್ ಪೆಲೆಟ್‌ಗಳನ್ನು ಪಿಸಿಪಿಯಲ್ಲಿ ಹಾರಿಸಿಯೇ ಒರೆಸಬಹುದು. ಸ್ಪ್ರಿಂಗ್ ಗನ್‌ನಲ್ಲಿ ಹಾರಿಸಬೇಡಿ, ಒಂದು ಫೆಲ್ಟಿಗೆ ತೂಕವಿಲ್ಲ, ತಡೆಯಿಲ್ಲದೆ ಪಿಸ್ಟನ್ ಹೋಗಿ ಬಡಿಯುತ್ತದೆ. ರಾಡಿನಿಂದ ತಳ್ಳಿ.

ಮನೆಮದ್ದುಗಳಲ್ಲಿ ಅಪಾಯಕಾರಿ ಒಂದಿದೆ: ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನಳಿಗೆಗೆ ತುಂಬುವುದು. ಸೀಸ ಕರಗುವುದು ನಿಜ, ಕರಗಿ ಆಗುವುದು ನೀರಿನಲ್ಲಿ ಬೆರೆಯುವ ಸೀಸದ ಅಸಿಟೇಟ್ ಎಂಬ ವಿಷ. ಜೊತೆಗೆ ಉಕ್ಕು, ಅದರ ಮೇಲಿನ ಕಪ್ಪು-ನೀಲಿ ಲೇಪ (ಬ್ಲೂಯಿಂಗ್) ಎರಡನ್ನೂ ತಿನ್ನುತ್ತದೆ. ಚಿಮಣಿ ಎಣ್ಣೆ ಹಳೆಯ ರೂಢಿ, ಗಾಳಿಯ ರಂಧ್ರಕ್ಕೆ ಸೇರಿದರೆ ಮತ್ತದೇ ಹೊತ್ತಿಕೊಳ್ಳುವ ತೊಂದರೆ. ಅಮೋನಿಯಾದ ತಾಮ್ರ ಬಿಡಿಸುವ ದ್ರಾವಣ ಸೀಸಕ್ಕೆ ಏನೂ ಮಾಡುವುದಿಲ್ಲ. ಪಿಸಿಪಿಯ ಗಾಳಿ ತುಂಬುವ ಬಾಯಿಗೆ ಯಾವುದೇ ಪೆಟ್ರೋಲಿಯಂ ಎಣ್ಣೆ ತಾಗಿಸಬೇಡಿ, 200 ಬಾರ್ ಗಾಳಿಯಲ್ಲಿ ಅದು ಸ್ಫೋಟಿಸಬಲ್ಲದು.

.22 ಮತ್ತು ಎರಕದ ಗುಂಡು

ಲೈಸೆನ್ಸ್ ಇರುವ .22 ರೈಫಲ್‌ನ ಗುಂಡಿಗೆ ಹೊರಮೈ ಮೇಣ ಇರುತ್ತದೆ, ಬಿಸಿಲಿಗೆ ಕರಗಿದರೆ ಅಥವಾ ಧೂಳು ಅಂಟಿದರೆ ಸೀಸ ಹಿಡಿಯುವುದು ಶುರು. ಸೀಸದ ಎರಕದ ಗುಂಡು ಹಾರಿಸುವ ದೊಡ್ಡ ಬಂದೂಕುಗಳಲ್ಲೂ ಜಾಗದ ಓದು ಇದೇ ತರ್ಕದ್ದು, ಕಾರಣ ಮಾತ್ರ ಬೇರೆ. ಚೇಂಬರಿನ (ತೋಟಾ ಕೂರುವ ಜಾಗದ) ಮುಂದೆಯೇ ಹಿಡಿದರೆ ಗುಂಡು ಸಣ್ಣದು: ಬಿಸಿ ಗ್ಯಾಸು ಬದಿಯಿಂದ ನುಗ್ಗಿ ಸೀಸವನ್ನು ಕೊಯ್ದು ಮುಂದಿನ ಗೋಡೆಗೆ ಬಳಿಯುತ್ತದೆ. ಗುಂಡಿನ ವ್ಯಾಸ ನಳಿಗೆಯ ಗ್ರೂವ್ (ರೈಫ್ಲಿಂಗಿನ ತಗ್ಗು ಗೀರು) ವ್ಯಾಸಕ್ಕಿಂತ ಒಂದು ಇಂಚಿನ ಸಾವಿರದ ಒಂದು ಭಾಗದಷ್ಟು ಹೆಚ್ಚಿರಬೇಕೆಂಬ ರೂಢಿ ಇದಕ್ಕೇ. ರಿವಾಲ್ವರಿನಲ್ಲಿ ಸಿಲಿಂಡರಿನ ಬಾಯಿ ಗ್ರೂವಿಗಿಂತ ಕಿರಿದಾಗಿದ್ದರೆ ಸರಿಯಾದ ಗುಂಡೂ ಅಲ್ಲೇ ಹಿಂಡಿ ಸಣ್ಣದಾಗುತ್ತದೆ. ಬಾಯಿಯ ಕಡೆ ಹಿಡಿದರೆ ಲ್ಯೂಬ್ ಸಾಲಲಿಲ್ಲ. ಅಲ್ಲಿಯೂ ಮಿಶ್ರಲೋಹವನ್ನು ಗಡಸು ಮಾಡುವುದಕ್ಕಿಂತ ಮೊದಲು ವ್ಯಾಸ ಸರಿಪಡಿಸಬೇಕು.

ಕೈ, ನೆಲ, ಪ್ಯಾಚ್

ಸೀಸ ದೇಹಕ್ಕೆ ಹೋಗುವುದು ಬಹುಪಾಲು ಕೈಯಿಂದ ಬಾಯಿಗೆ, ಧೂಳಾಗಿ ಮೂಗಿಗೆ. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಚಟ ಹುಡುಗರಲ್ಲಿ ಕಂಡರೆ ಅಂದೇ ಬಿಡಿಸಿ. ರೇಂಜಿನ ಪೆಲೆಟ್ ಟ್ರ್ಯಾಪಿನ (ಗುರಿಯ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆಯ) ಸುತ್ತ ಒಣ ಕಸಬರಿಗೆ ಆಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬಳಸಿದ ಪ್ಯಾಚ್‌ಗಳನ್ನು ಸುಡಬೇಡಿ, ಬಾವಿ ಹೊಲದ ಕಡೆ ಎಸೆಯಬೇಡಿ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಕೊಡಿ. ಟ್ರ್ಯಾಪಿನಲ್ಲಿ ಕೂಡಿದ ಸೀಸವನ್ನು ಮನೆಯ ಒಲೆಯ ಮೇಲೆ ಕರಗಿಸಲು ಕೂರಬೇಡಿ. ಕೈ ತೊಳೆಯಲು ತಣ್ಣೀರು, ಸೋಪು. ಚಹಾ ಅದಾದ ಮೇಲೆ.